ಕಿಸೆಯೊಳಗಿನ ವರ್ಕ್‌ಶಾಪು

ಇನ್ನು ಮುಂದೆ ಬರೀ ಕರವಸ್ತ್ರ ಇಟ್ಟುಕೊಂಡು ಮನೆಯ ಹೊಸ್ತಿಲು ದಾಟುವ ಗಂಡಸು ತಾವಲ್ಲ ಎಂದು ಹಾನಗಲ್ಲಿನ ಹೈಸ್ಕೂಲಿನ ಗಣಿತದ ಮಾಸ್ತರು ಶಂಭುಲಿಂಗ ಅವರು ಹಂಸಭಾವಿಯಿಂದ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಪ್ರತಿಜ್ಞೆ ಮಾಡಿದರು. ಪುರಾಣದಲ್ಲಾಗಿದ್ದರೆ ಇಂಥ ಪ್ರತಿಜ್ಞೆಗೆ ಆಕಾಶದಿಂದ ಹೂಮಳೆ ಸುರಿಯುತ್ತಿತ್ತು. ಇಲ್ಲಿ ಕಂಡಕ್ಟರು ಬೆನ್ನಿಗೆ ಕೈಯಿಟ್ಟು, ಇನ್ನೊಂದಿಷ್ಟು ಒಳಗೆ ಸರಿಯಿರಿ ಅಂದ.

ಅಂಥ ಪ್ರತಿಜ್ಞೆ ಮಾಡಿಸಿದ್ದು ಹುಣಸೆಬೀಜದಷ್ಟು ದೊಡ್ಡದಾದ ಒಂದು ಕತ್ತರಿ.

ಅವತ್ತು ಹಂಸಭಾವಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ಮಠದ ಸ್ವಾಮಿಗಳು ರಿಬ್ಬನ್ ಕತ್ತರಿಸಲು ಹೊಸ ಬಾಗಿಲ ಮುಂದೆ ಬಂದು ನಿಂತರು. ತಾಟು ಬಂತು. ತಾಟಿನಲ್ಲಿ ವಿಭೂತಿ ಇತ್ತು, ಕುಂಕುಮ ಇತ್ತು, ಹೂವಿತ್ತು, ತೆಂಗಿನಕಾಯಿ ಇತ್ತು. ಕತ್ತರಿ ಮಾತ್ರ ಇರಲಿಲ್ಲ. ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿರುವಾಗ ಫಕ್ಕೀರೇಶ ಎರಡು ಬೆರಳನ್ನು ಕಿಸೆಯೊಳಗೆ ಇಳಿಬಿಟ್ಟ. ಶಿಗ್ಗಾಂವಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟಿರುವ ಈ ಫಕ್ಕೀರೇಶ ಶಂಭುಲಿಂಗ ಮಾಸ್ತರರ ಷಡ್ಡಕ, ಅಂದರೆ ಅವರ ಹೆಂಡತಿಯ ತಂಗಿ ಮಂಜುಳಾಳ ಗಂಡ. ಕಿಸೆಯಿಂದ ಅವನು ತೆಗೆದದ್ದು ಕಿರುಬೆರಳಿನಷ್ಟು ಉದ್ದದ ಕೆಂಪು ಚಾಕು. ಅದರ ಹೊಟ್ಟೆಯಿಂದ ಆ ಕತ್ತರಿ ಹೊರಗೆ ಬಂತು. ಸ್ವಾಮಿಗಳು ರಿಬ್ಬನ್ ಕತ್ತರಿಸಿದರು, ಆಮೇಲೆ ಆ ಕೆಂಪು ವಸ್ತುವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕರು. ಇಬ್ಬರು ಅಳಿಯಂದಿರಿಗೂ ಮಾವನಾದ ಚಿಕ್ಕೇರೂರಿನ ಬಸವಣ್ಣೆಪ್ಪನವರು ನಾಲ್ಕು ಮಂದಿಗೆ ಕೇಳುವಂತೆ ಹೇಳಿದರು:

"ಅಳಿಯ ಅಂದ್ರ ಹಿಂಗ ತಯಾರ ಇರಬೇಕ ನೋಡ್ರಿ."

ಹಿರಿಯ ಅಳಿಯನಾದ ಶಂಭುಲಿಂಗ ಮಾಸ್ತರರು ಮೆಲ್ಲಗೆ ತಮ್ಮ ಕಿಸೆ ಮುಟ್ಟಿ ನೋಡಿಕೊಂಡರು. ಒಂದು ಕರವಸ್ತ್ರ, ಬಸ್ಸಿನ ಟಿಕೀಟು, ಎರಡು ತುಂಡು ಸೀಮೆಸುಣ್ಣ. ಮುಟ್ಟಿದ ರಭಸಕ್ಕೆ ಎರಡು ತುಂಡು ಮೂರಾದವು. ಇಪ್ಪತ್ತೆರಡು ವರ್ಷ ಆ ಮನೆಯಲ್ಲಿ ಮೊದಲ ಎಲೆ ಅವರದು, ಮೊದಲ ಮಾತು ಅವರದು. ಅಷ್ಟೂ ಹಿರಿತನ ಒಂದು ರಿಬ್ಬನ್ನಿನ ಜೊತೆ ಕತ್ತರಿಸಿ ಬಿತ್ತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಹಿಡಿದಿದ್ದ ಹೆಂಡತಿ ನೇತ್ರಾ, ಗಂಡನ ಮುಖ ನೋಡಿ ವಿಷಯ ತಿಳಿದುಕೊಂಡಳು. ಆಕೆ ಮನೆಯಲ್ಲೇ ಬ್ಲೌಸು ಹೊಲಿಯುವವಳು. ಓಣಿಯ ಅರ್ಧ ಹೆಂಗಸರ ಅಳತೆ ಆಕೆಗೆ ಬಾಯಿಪಾಠ.

"ಒಂದ ಕತ್ತರಿಗೆ ಇಷ್ಟ ವಿಚಾರ ಮಾಡ್ತಾರೇನ್ರಿ? ನನ್ನ ಹತ್ರ ನಾಕ ಅದಾವು. ಒಂದ ಇಟ್ಕೋರಿ."

ಮಾಸ್ತರರು ಆಕೆಗೆ ತಿಳಿಹೇಳಿದರು. ಪ್ರಶ್ನೆ ಕತ್ತರಿಯದಲ್ಲ, ಸಿದ್ಧತೆಯದು. ಮನುಷ್ಯ ಮಂಗನಿಂದ ಬೇರೆಯಾದದ್ದೇ ಕೈಯಲ್ಲಿ ಉಪಕರಣ ಹಿಡಿದಾಗ. ಆದ್ದರಿಂದ ಪ್ರತಿಯೊಬ್ಬ ಜವಾಬ್ದಾರಿ ಗಂಡಸಿನ ಕಿಸೆಯಲ್ಲಿ ಒಂದು ಸಣ್ಣ ವರ್ಕ್‌ಶಾಪೇ ಇರಬೇಕು. ಮಾತು ಮಂಗನ ತನಕ ಬರುವಷ್ಟರಲ್ಲಿ ನೇತ್ರಾಳಿಗೆ ನಿದ್ದೆ ಹತ್ತಿತ್ತು.

ಮರುದಿನದಿಂದಲೇ ಸಂಶೋಧನೆ ಶುರುವಾಯಿತು. ಫೋನಿನಲ್ಲಿ ವಿಡಿಯೋ ನೋಡಿದರು. ಹಿಮದ ಗುಡ್ಡದ ಮೇಲೆ ಕುಳಿತ ಗಡ್ಡದ ಮನುಷ್ಯರು ಇಂಥ ಚಾಕುಗಳಿಂದ ಕಟ್ಟಿಗೆ ಸೀಳುತ್ತಿದ್ದರು, ಮೀನು ಹೆರೆಯುತ್ತಿದ್ದರು, ಡಬ್ಬಿ ತೆರೆಯುತ್ತಿದ್ದರು. ಹಾನಗಲ್ಲಿನಲ್ಲಿ ಹಿಮವಿಲ್ಲ, ಮಾಸ್ತರರು ಮೀನು ಮುಟ್ಟುವವರಲ್ಲ, ಅವರ ಮನೆಯ ಡಬ್ಬಿಗಳೆಲ್ಲ ಕೈಯಿಂದಲೇ ತೆರೆಯುತ್ತಿದ್ದವು. ಆದರೂ ಅವರು ವಿಡಿಯೋಗಳನ್ನು ನೋಟು ಮಾಡಿಕೊಳ್ಳುತ್ತ ನೋಡಿದರು. ಕೊನೆಗೆ ಎರಡು ಚಾಕು ಆನ್‌ಲೈನಿನಲ್ಲಿ ತರಿಸಿದರು, ಮೂರನೆಯದಕ್ಕೆ ಒಂದು ರವಿವಾರ ಸವಣೂರಿಗೆ ಹೋದರು.

ಸವಣೂರಿನಲ್ಲಿ ಅವರ ಹಳೆಯ ವಿದ್ಯಾರ್ಥಿ ಫಯಾಜನ ಅಂಗಡಿಯಿದೆ. ಬೀಗ, ಕುಡುಗೋಲು, ಚಾಕು, ಕತ್ತರಿ, ಎಲ್ಲ ಸಿಗುತ್ತವೆ. ಫಯಾಜ ಎದ್ದು ನಿಂತು ಸ್ಟೂಲು ಕೊಟ್ಟು, ಚಹಾ ತರಿಸಿ, ಯಾವ ಕೆಲಸಕ್ಕೆ ಬೇಕೆಂದು ಕೇಳಿದ. ಎಲ್ಲ ಕೆಲಸಕ್ಕೆ ಅಂದರು ಮಾಸ್ತರರು. ಎಲ್ಲ ಕೆಲಸ ಅಂದರೆ ಯಾವ ಕೆಲಸ ಎಂದು ಅವನು ಮತ್ತೆ ಕೇಳಿದ. ಮೂವತ್ತು ಬ್ಯಾಚಿಗೆ ಪ್ರಶ್ನೆ ಕೇಳಿದ ಮಾಸ್ತರರಿಗೆ ಆ ಒಂದು ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಫಯಾಜನೇ ಸಂಕೋಚದಿಂದ ಹೇಳಿದ:

"ದಿನಾ ಕಿಸೇದಾಗ ಇರಬೇಕಂದ್ರ, ಅದು ಐತೋ ಇಲ್ಲೋ ಅನ್ನೂದ ಮರತ ಹೋಗಬೇಕ್ರಿ ಸರ್. ಭಾರ ಆತಂದ್ರ ನಾಕನೇ ದಿನಕ್ಕ ಅದು ಮನ್ಯಾಗ ಉಳೀತೈತಿ."

ಸಿಲೆಬಸ್ಸಿನ ಹೊರಗಿನ ಉತ್ತರ ಕೇಳಿದಾಗ ಹೇಗೆ ಗೋಣು ಅಲ್ಲಾಡಿಸುತ್ತಿದ್ದರೋ ಹಾಗೆ ಅಲ್ಲಾಡಿಸಿ, ಮಾಸ್ತರರು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಭಾರವಾದದ್ದನ್ನು ಕೊಂಡು ತಂದರು.

ಹೀಗೆ ಮೂವರು ಅಭ್ಯರ್ಥಿಗಳು ಊಟದ ಟೇಬಲ್ಲಿನ ಮೇಲೆ ಸಾಲಾಗಿ ಮಲಗಿದರು. ಮೊದಲನೆಯದು ಕೆಂಪು: ಒಂದು ಸಣ್ಣ ಅಲಗು, ಒಂದು ಕತ್ತರಿ, ತುದಿಯಲ್ಲಿ ಸ್ಕ್ರೂ ತಿರುಗಿಸಲು ಬರುವಂಥ ಉಗುರು ಉಜ್ಜುವ ಪಟ್ಟಿ, ಮುಳ್ಳು ಕೀಳುವ ಚಿಮಟಿಗೆ, ಹಲ್ಲುಕಡ್ಡಿ. ಎರಡನೆಯದು ಸವಣೂರಿನ ಉಕ್ಕು: ಬಿಡಿಸಿದರೆ ಪಕ್ಕಡ, ಅಂದರೆ ಇಕ್ಕಳ, ಅದರ ಕಾಲೊಳಗೆ ಅಲಗು, ಗರಗಸ, ಮೂರು ಸ್ಕ್ರೂಡ್ರೈವರು. ಮೂರನೆಯದು ಚಪ್ಪಟೆ: ಅಲಗೇ ಇಲ್ಲದ, ಬೀಗದ ಕೈ ಗೊಂಚಲಿಗೆ ಸಿಗಿಸುವ ತಗಡು, ಬಾಟಲಿ ತೆಗೆಯಬಹುದು, ಸ್ಕ್ರೂ ತಿರುಗಿಸಬಹುದು.

ಬೇರೆಯವರಾಗಿದ್ದರೆ ಒಂದನ್ನು ಎತ್ತಿ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಗಣಿತದ ಮಾಸ್ತರರು ಹಾಗೆ ಮಾಡುವುದಿಲ್ಲ, ಪರೀಕ್ಷೆ ನಡೆಸುತ್ತಾರೆ. ಉದ್ದ ನೋಟಬುಕ್ಕಿನಲ್ಲಿ ಗೆರೆ ಹೊಡೆದರು. ತೂಕಕ್ಕೆ ಇಪ್ಪತ್ತು ಅಂಕ, ಹರಿತಕ್ಕೆ ಇಪ್ಪತ್ತು, ಕತ್ತರಿಗೆ ಇಪ್ಪತ್ತು, ಸ್ಕ್ರೂಡ್ರೈವರಿಗೆ ಇಪ್ಪತ್ತು, ಗೌರವಕ್ಕೆ ಇಪ್ಪತ್ತು. ಗೌರವವೆಂದರೆ ನಾಲ್ಕು ಜನರ ಮುಂದೆ ಕಿಸೆಯಿಂದ ತೆಗೆದಾಗ ಅದು ಹೇಗೆ ಕಾಣುತ್ತದೆ ಎಂಬುದು. ಇದಕ್ಕಾಗಿ ಕನ್ನಡಿಯ ಮುಂದೆ ನಿಂತು ಒಂದೊಂದನ್ನೂ ಹತ್ತು ಸಲ ತೆಗೆದರು. ಪಿಯುಸಿ ಎರಡನೇ ವರ್ಷದ ಮಗಳು ವಾಣಿಶ್ರೀ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ಗೌರವದ ಅಂಕ ಇಂಟರ್ನಲ್ಲೋ ಎಕ್ಸ್‌ಟರ್ನಲ್ಲೋ ಎಂದು ಕೇಳಿ ಹೋದಳು.

ತೂಕದ ಪರೀಕ್ಷೆ ಅಡುಗೆಮನೆಯ ತಕ್ಕಡಿಯಲ್ಲಿ ನಡೆಯಿತು. ಕೆಂಪು ಎರಡು ಬೆಂಡೆಕಾಯಿಯಷ್ಟು ತೂಗಿತು. ಉಕ್ಕು ಪಾವ್ ಕಿಲೋ ಬದನೆಕಾಯಿಯಷ್ಟು. ಹರಿತದ ಪರೀಕ್ಷೆಯಲ್ಲಿ ಮನೆಗೆ ಬಂದ ಪ್ರತಿಯೊಂದು ಪ್ಯಾಕೆಟ್ಟೂ ಬಲಿಯಾಯಿತು. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುವ ಬದಲು ನಡು ಸೀಳಿದ್ದರಿಂದ ಅವತ್ತು ಚಹಾ ಕರಿದು. ಆಮೇಲೆ ಸ್ಕ್ರೂಡ್ರೈವರಿನ ಸರದಿ. ಮನೆಯಲ್ಲಿ ಎಲ್ಲೆಲ್ಲಿ ಸ್ಕ್ರೂ ಸಡಿಲವಾಗಿದೆಯೋ ಅಲ್ಲೆಲ್ಲ ಬಿಗಿದರು. ಸಡಿಲವಾದದ್ದು ಮುಗಿದ ಮೇಲೆ ಬಿಗಿಯಾದದ್ದನ್ನು ಸಡಿಲಿಸಿ ಬಿಗಿದರು. ಕುಕ್ಕರಿನ ಹಿಡಿಕೆಯನ್ನು ಮೂರೂ ಅಭ್ಯರ್ಥಿಗಳಿಂದ ಒಂದೊಂದು ಸಲ ಬಿಗಿದರು. ಮರುದಿನ ಬೆಳಗ್ಗೆ ನೇತ್ರಾ ಕುಕ್ಕರ್ ಎತ್ತಲು ಹೋದಾಗ ಹಿಡಿಕೆ ಆಕೆಯ ಕೈಗೆ ಬಂತು, ಕುಕ್ಕರ್ ಒಲೆಯ ಮೇಲೆಯೇ ಉಳಿಯಿತು.

ಅದನ್ನೂ ಆಕೆ ನುಂಗಿಕೊಂಡಳು. ಆದರೆ ಮಾಸ್ತರರು ಹೊಲಿಗೆ ಮಷೀನಿಗೆ ಕೈಹಚ್ಚಿದರು. ಅಲ್ಲಿ ಹನ್ನೊಂದು ಸ್ಕ್ರೂ ಇದ್ದವು. ಇಷ್ಟು ದಿನ ತಮಗೆ ಹೊಳೆಯಲಿಲ್ಲವಲ್ಲ ಎಂದು ಅವರಿಗೆ ಆಶ್ಚರ್ಯವಾಯಿತು. ಮದುವೆ ಸೀಜನ್ನಿನ ಆರು ಬ್ಲೌಸು ಸಾಲಿನಲ್ಲಿ ಕಾಯುತ್ತಿದ್ದವು. ನೇತ್ರಾ ಕುಳಿತು ಪೆಡಲ್ ತುಳಿದಾಗ ಸೂಜಿ ಮುರಿಯಿತು, ದಾರ ಗಂಟು ಬಿತ್ತು, ಮಷೀನು ಹಿಂದೆಂದೂ ಮಾಡದಂಥ ಒಂದು ಸದ್ದು ಮಾಡಿ ನಿಂತಿತು. ಆಕೆ ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಹೇಳಿದಳು:

"ಮನಿ ನಿಮ್ದು, ಏನ ಬೇಕಾದ್ದ ಬಿಚ್ಚರಿ. ಮಷೀನ್ ನಂದು. ಇದಕ್ಕ ಇನ್ನೊಮ್ಮೆ ಕೈ ಹಚ್ಚಿದ್ರ ನಾ ನಿಮ್ಮ ಸ್ಕ್ರೂ ಬಿಗೀತೇನಿ."

ಪರೀಕ್ಷಾ ಕೇಂದ್ರ ಮನೆಯಿಂದ ಶಾಲೆಗೆ ಬದಲಾಯಿತು. ಉಕ್ಕನ್ನು ಪ್ಯಾಂಟಿನ ಎಡಗಿಸೆಗೆ ಹಾಕಿಕೊಂಡು ಮಾಸ್ತರರು ಒಂದು ವಾರ ಎಡಕ್ಕೆ ವಾಲಿಕೊಂಡೇ ನಡೆದರು. ಏಳನೆಯ ದಿನ ಹತ್ತನೇ ತರಗತಿಯಲ್ಲಿ ಪ್ರಮೇಯ ಬಿಡಿಸುತ್ತ, ಆದ್ದರಿಂದ ಎಂದು ಬರೆದು ಕೈ ಎತ್ತಿದ ಹೊತ್ತಿಗೇ ಕಿಸೆ ಹರಿದು, ಪಾವ್ ಕಿಲೋ ಉಕ್ಕು ಪ್ಯಾಂಟಿನ ಕಾಲೊಳಗಿಂದ ಇಳಿದು ಧಪ್ಪೆಂದು ನೆಲಕ್ಕೆ ಬಿತ್ತು. ತರಗತಿ ಎದ್ದು ನಿಂತು ನೋಡಿತು. ಹೆಡ್‌ಮಿಸ್ಟ್ರೆಸ್ ವಿದ್ಯಾಶ್ರೀ ಅವರು ಮಾಸ್ತರರನ್ನು ಕೋಣೆಗೆ ಕರೆದು, ಹೋದ ತಿಂಗಳು ಕಂಪಾಸ್ ಪೆಟ್ಟಿಗೆಯಲ್ಲಿ ಬ್ಲೇಡು ಇಟ್ಟ ಹುಡುಗನ ತಂದೆಯನ್ನು ಕರೆಸಿದ್ದು ಯಾರು ಎಂದು ಮೆತ್ತಗೆ ಕೇಳಿದರು. ಕರೆಸಿದ್ದು ಮಾಸ್ತರರೇ. ಹಾಗಾದರೆ ಈಗ ನಾನು ಯಾರನ್ನು ಕರೆಸಲಿ ಎಂದರು ವಿದ್ಯಾಶ್ರೀ ಅವರು. ಅಂದಿನಿಂದ ಅಲಗಿರುವ ಯಾವ ಅಭ್ಯರ್ಥಿಗೂ ಶಾಲೆಯ ಗೇಟಿನೊಳಗೆ ಪ್ರವೇಶವಿಲ್ಲ ಎಂದಾಯಿತು. ಉಕ್ಕು ಡಿಬಾರಾಯಿತು.

ಚಪ್ಪಟೆಗೆ ಶಾಲೆಯ ಅಡ್ಡಿಯಿರಲಿಲ್ಲ. ಆದರೆ ಅದನ್ನು ಕಿಸೆಯಿಂದ ತೆಗೆದರೆ ನೋಡಿದವರು, ಮನೆ ಬೀಗ ಹಾಕಿಕೊಂಡು ಬಂದಿರೇನು ಎಂದು ಕೇಳುತ್ತಿದ್ದರು. ಗೌರವದಲ್ಲಿ ಸೊನ್ನೆ. ಕೊನೆಗೆ ಕೆಂಪು ಎಂಬತ್ತೆರಡು ಅಂಕ ತೆಗೆದು ಡಿಸ್ಟಿಂಕ್ಷನ್ನಿನಲ್ಲಿ ಪಾಸಾಯಿತು. ಶಾಲೆಯ ದಿನ ಮನೆಯಲ್ಲಿ, ಉಳಿದ ದಿನ ಕಿಸೆಯಲ್ಲಿ ಎಂದು ಠರಾವಾಯಿತು. ಎರಡು ತಿಂಗಳ ದುಡಿಮೆ. ಫಲಿತಾಂಶ ಪ್ರಕಟಿಸಿದಾಗ ನೇತ್ರಾ ಹೊಲಿಗೆಯಿಂದ ತಲೆ ಎತ್ತದೆ ಕೇಳಿದಳು:

"ಕಡೀಕ ಫಕ್ಕೀರೇಶನ ಹತ್ರ ಇದ್ದದ್ದನ್ನ ಆರಿಸಿದ್ರಿ, ಹೌದಲ್ರಿ?"

"ಉತ್ತರ ಒಂದ ಇರಬಹುದು" ಅಂದರು ಮಾಸ್ತರರು, ಎದೆ ಸೆಟೆಸಿ. "ಆದ್ರ ಅವ ಸ್ಟೆಪ್ ಬರದಿಲ್ಲ. ನಾ ಎಲ್ಲಾ ಸ್ಟೆಪ್ ಬರದೇನಿ."

ಇನ್ನು ಬೇಕಾದದ್ದು ಒಂದು ಸಂದರ್ಭ. ಅದೂ ತಾನಾಗಿ ಬಂತು. ಬಸವಣ್ಣೆಪ್ಪನವರ ಮೊಮ್ಮಗಳು, ಅಂದರೆ ನೇತ್ರಾಳ ಅಣ್ಣನ ಮಗಳು ನೀಲಾಳ ನಿಶ್ಚಯ ಚಿಕ್ಕೇರೂರಿನ ಮನೆಯಲ್ಲೇ ಗೊತ್ತಾಯಿತು. ಗಂಡಿನವರು ತಡಸದವರು. ಮೂವತ್ತು ಜನ ಬೀಗರು, ಇಬ್ಬರು ಅಳಿಯಂದಿರು, ಮಠದ ಸ್ವಾಮಿಗಳು, ಎಲ್ಲರೂ ಒಂದೇ ಅಂಗಳದಲ್ಲಿ. ಇದಕ್ಕಿಂತ ದೊಡ್ಡ ಪರೀಕ್ಷಾ ಹಾಲ್ ಎಲ್ಲಿ ಸಿಕ್ಕೀತು? ಅವತ್ತು ಬೆಳಗ್ಗೆ ಮಾಸ್ತರರು ಸ್ನಾನ ಮಾಡಿ, ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಕೆಂಪು ಚಾಕುವಿನ ಕತ್ತರಿಯಿಂದಲೇ ಹತ್ತೂ ಉಗುರು ಕತ್ತರಿಸಿಕೊಂಡರು. ಪಟ್ಟಿಯಿಂದ ನುಣ್ಣಗೆ ಉಜ್ಜಿದರು. ಬೆರಳ ತುದಿಗಳು ಗೋಲಿಯ ಹಾಗೆ ಮಿನುಗಿದವು. ಎಂಬತ್ತೆರಡು ಅಂಕ ಕಡಿಮೆಯಾಯಿತೇನೋ ಅನ್ನಿಸಿ, ಹೊರಡುವ ಮುಂಚೆ ಎಂಬತ್ತೈದು ಮಾಡಿದರು.

ಚಿಕ್ಕೇರೂರಿಗೆ ಬಂದ ಮೇಲೆ ಮಾಸ್ತರರು ಕುರ್ಚಿಯಲ್ಲಿ ಕೂಡಲೇ ಇಲ್ಲ. ಎಲ್ಲಿ ಏನು ಕತ್ತರಿಸುವುದಿದೆ, ಎಲ್ಲಿ ಏನು ಬಿಚ್ಚುವುದಿದೆ ಎಂದು ಅಂಗಳ, ಪಡಸಾಲೆ, ಅಡುಗೆಮನೆ ಸುತ್ತಿದರು. ಹೂವಿನ ಕಟ್ಟು ಬಂತು. ಕಿಸೆಗೆ ಕೈಹಾಕುವಷ್ಟರಲ್ಲಿ ಯಾರೋ ಹಲ್ಲಿನಿಂದ ದಾರ ಹರಿದರು. ನೀರಿನ ಬಾಟಲಿಗಳ ಡಬ್ಬ ಬಂತು. ಫಕ್ಕೀರೇಶ ಕಾರಿನ ಕೀಲಿಯಿಂದ ಟೇಪು ಸೀಳಿದ. ಶಾಮಿಯಾನದ ಹಗ್ಗ ಸಡಿಲವಾಗಿತ್ತು. ಹಗ್ಗ ಕಟ್ಟುವುದಕ್ಕೆ ಚಾಕು ಬೇಕಾಗಲಿಲ್ಲ. ಹೊತ್ತು ಹತ್ತೂವರೆಯಾಯಿತು. ಹನ್ನೊಂದಕ್ಕೆ ಉಂಗುರ ತೊಡಿಸುವ ಮುಹೂರ್ತ. ಚಾಕು ಇನ್ನೂ ಕಿಸೆಯ ಕತ್ತಲಲ್ಲೇ ಇತ್ತು.

ಆಗ ಒಳಗಿನಿಂದ ಧಡ್ ಧಡ್ ಎಂಬ ಸದ್ದು ಕೇಳಿಸಿತು.

ಸದ್ದು ಬಂದದ್ದು ಹೋದ ವರ್ಷ ಕಟ್ಟಿಸಿದ ಹೊಸ ಕೋಣೆಯಿಂದ. ಸಾಗವಾನಿ ಬಾಗಿಲು, ಅದಕ್ಕೆ ಪೇಟೆಯಿಂದ ತಂದ ಹಿತ್ತಾಳೆ ಬಣ್ಣದ ಗುಂಡು ಹಿಡಿಕೆ. ಒಳಗೆ ಗುಂಡಿ ಒತ್ತಿದರೆ ಲಾಕು. ಅತ್ತೆ ಸುಶೀಲವ್ವ ಉಂಗುರ, ಸೀರೆ ತರುತ್ತೇನೆಂದು ಹತ್ತು ನಿಮಿಷದ ಹಿಂದೆ ಒಳಗೆ ಹೋಗಿದ್ದರು. ಮಾಸ್ತರರು ಹಿಡಿಕೆ ತಿರುಗಿಸಿ ನೋಡಿದರು. ತಿರುಗಲಿಲ್ಲ. ಎದೆ ಹೊಡೆದುಕೊಂಡಿತು, ಹೆದರಿಕೆಗಲ್ಲ.

"ಅತ್ತೀ, ತಗೀವಲ್ದೇನ್ರಿ?" ಎಂದು ಕೂಗಿದರು.

"ತಗೀವಲ್ದೋ ಯಪ್ಪಾ, ಭಾಳ ಬಿಗಿ ಹಿಡದೈತಿ" ಎಂದು ಒಳಗಿನಿಂದ ಉತ್ತರ ಬಂತು. ಮತ್ತೆ ಧಡ್ ಧಡ್.

ಅಷ್ಟು ಸಾಕಾಯಿತು. ಮಾಸ್ತರರು ಪಡಸಾಲೆಗೆ ಬಂದು, ಹತ್ತನೇ ತರಗತಿಯ ಫಲಿತಾಂಶ ಹೇಳುವ ಧ್ವನಿಯಲ್ಲಿ, ಅತ್ತೆಯವರು ಒಳಗೆ ಸಿಕ್ಕಿಕೊಂಡಿದ್ದಾರೆ, ಯಾರೂ ಗಾಬರಿಯಾಗಬಾರದು ಎಂದು ಸಾರಿದರು. ಅಲ್ಲಿಯವರೆಗೆ ಯಾರೂ ಗಾಬರಿಯಾಗಿರಲಿಲ್ಲ. ಈಗ ಎಲ್ಲರೂ ಎದ್ದು ಬಂದರು. ಬಸವಣ್ಣೆಪ್ಪನವರು ಬಂದರು, ತಡಸದ ಬೀಗರು ಬಂದರು, ಸ್ವಾಮಿಗಳು ಕೂಡ ಕುಳಿತಲ್ಲಿಂದ ಕತ್ತು ಚಾಚಿದರು. ಹಂಸಭಾವಿಯಿಂದ ಬಡಿಗನನ್ನು ಕರೆಸೋಣ ಎಂದು ಯಾರೋ ಅಂದರು. ಮಾಸ್ತರರು ಅಂಗೈ ಎತ್ತಿ ತಡೆದರು.

"ಬಡಿಗ್ಯಾರ ಯಾಕ ಬೇಕು? ನಾ ಇಲ್ಲೇನು?"

ಹೀಗೆಂದು, ಕನ್ನಡಿಯ ಮುಂದೆ ಹತ್ತು ಸಲ ಕಲಿತ ರೀತಿಯಲ್ಲೇ ಕೆಂಪು ಚಾಕುವನ್ನು ಕಿಸೆಯಿಂದ ತೆಗೆದರು. ಗೌರವ ನಿಜವಾಗಿಯೂ ಬಂತು. ಮೂವತ್ತು ಜನ ಒಟ್ಟಿಗೆ ಆ ಕಿರುಬೆರಳಷ್ಟು ಕೆಂಪನ್ನು ನೋಡಿದರು. ಮಾಸ್ತರರು ಫಕ್ಕೀರೇಶನ ಕಡೆ ಓರೆಗಣ್ಣು ಹಾಯಿಸಿ, ನಿನ್ನದನ್ನೂ ತೆಗೆ ನೋಡೋಣ ಎನ್ನುವಂತೆ ಹುಬ್ಬು ಏರಿಸಿದರು.

"ಅದಾ? ಅದು ಯಾವುದೋ ಕಂಪನಿಯಾವ್ರು ಪುಕ್ಕಟೆ ಕೊಟ್ಟಿದ್ರು ಅಣ್ಣಾರ" ಅಂದ ಫಕ್ಕೀರೇಶ. "ಗೃಹಪ್ರವೇಶದ ಮರದಿನಾನ ಎಲ್ಲೋ ಕಳದ ಹೋತು. ಮತ್ತ ನೆನಪೂ ಆಗಿಲ್ಲ."

ಎರಡು ತಿಂಗಳು ಓಟಕ್ಕೆ ತಯಾರಾಗಿ ಬಂದವನಿಗೆ, ಎದುರಾಳಿ ಊರಲ್ಲೇ ಇಲ್ಲ ಎಂದು ತಿಳಿದ ಹಾಗಾಯಿತು. ಇರಲಿ, ಕೆಲಸ ಮುಖ್ಯ. ಮಾಸ್ತರರು ಅಲಗು ತೆರೆಯಲು ಹೋದರು. ಅಂಥ ಚಾಕುವಿನ ಅಲಗಿನ ಮೇಲೆ ಒಂದು ಸಣ್ಣ ಗೀರು ಇರುತ್ತದೆ. ಅದರೊಳಗೆ ಉಗುರು ಸಿಗಿಸಿ ಎಳೆಯಬೇಕು. ಮಾಸ್ತರರ ಬೆರಳಲ್ಲಿ ಉಗುರೇ ಇರಲಿಲ್ಲ. ಹೆಬ್ಬೆರಳು ಜಾರಿತು. ತೋರುಬೆರಳು ಜಾರಿತು. ಬಲಗೈ ಮುಗಿಸಿ ಎಡಗೈಗೆ ಬಂದರು. ಕರವಸ್ತ್ರ ಸುತ್ತಿ ಎಳೆದರು. ಹಲ್ಲಿಗೆ ಒಯ್ದರು, ಸ್ವಾಮಿಗಳು ನೋಡುತ್ತಿರುವುದು ಕಂಡು ಇಳಿಸಿದರು. ನೇತ್ರಾ ಮುಂದೆ ಬಂದು ಚಾಕು ಇಸಿದುಕೊಂಡಳು. ಹೊಲಿಗೆ ಬಿಚ್ಚಲು ಬೆಳೆಸಿದ ಹೆಬ್ಬೆರಳ ಉಗುರಿನಿಂದ ಚಿಟಿಕೆ ಹೊಡೆಯುವಷ್ಟರಲ್ಲಿ ಅಲಗನ್ನೂ ಪಟ್ಟಿಯನ್ನೂ ತೆಗೆದು, ಗಂಡನ ಕೈಗಿಟ್ಟಳು.

ಮಾಸ್ತರರು ಕೆಲಸಕ್ಕಿಳಿದರು. ಬಾಗಿಲ ಸಂದಿಯಲ್ಲಿ ಅಲಗು ತೂರಿಸಿ ಆಡಿಸಿದರು. ಏನೋ ಮಿಸುಕಿದಂತಾಯಿತು, ಮತ್ತೆ ಮೊದಲಿನಂತಾಯಿತು. ಅಲಗು ಮಡಚಿ, ಪಟ್ಟಿಯ ತುದಿಯನ್ನು ಗುಂಡು ಹಿಡಿಕೆಯ ಬುಡಕ್ಕೆ ಕೊಟ್ಟು ಮೀಟಿದರು. ಕಟ್ ಎಂದಿತು. ಜನ ಆಹಾ ಅಂದರು. ಇನ್ನೊಂದು ಸಲ ಮೀಟಿದರು. ಹಿತ್ತಾಳೆ ಬಣ್ಣದ ಹಿಡಿಕೆ ಇಡಿಯಾಗಿ ಕಿತ್ತು ಅವರ ಅಂಗೈಗೆ ಬಂತು. ಅದು ಇದ್ದ ಜಾಗದ ತೂತಿನಲ್ಲಿ ಚೌಕಾಕಾರದ ಒಂದು ಸಣ್ಣ ಸರಳು ಕಾಣಿಸಿತು. ಅದನ್ನು ಹಿಡಿದೆಳೆಯಬೇಕೋ ನೂಕಬೇಕೋ ಎಂದು ಒಂದು ಕ್ಷಣ ಯೋಚಿಸಿ ನೂಕಿದರು. ಸರಳು ಒಳಗೆಲ್ಲೋ ಟಣ್ ಎಂದು ಬಿತ್ತು.

ಬಾಗಿಲ ಹತ್ತಿರವೇ ಸುಶೀಲವ್ವನವರ ದನಿ ಕೇಳಿಸಿತು.

"ಯಾರದು, ಬಾಗ್ಲಾ ಕೆಡವಾಕತ್ತೀರಿ?"

"ಹೆದರಬ್ಯಾಡ್ರಿ ಅತ್ತೀ, ನಾ ಅದೇನಿ."

"ನಾ ಯಾಕ ಹೆದರ್ಲಿ? ಟ್ರಂಕಿನ ಮುಚ್ಚಳ ಬಿಗಿ ಹಿಡದಿತ್ತು, ಬಡದ ಬಡದ ತಗದೇನಿ. ಉಂಗುರ ಸಿಕ್ತು, ಸೀರಿ ಸಿಕ್ತು. ನಾನ ಲಾಕ್ ಹಾಕ್ಕೊಂಡಿದ್ದೆ, ಈಗ ಬರಾಕತ್ತೇನಿ."

ಒಳಗಿನ ಹಿಡಿಕೆ ತಿರುಗಿಸಿದ ಸದ್ದು ಬಂತು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಅದು ಬುಗುರಿಯ ಹಾಗೆ ಸುಮ್ಮನೆ ತಿರುಗುತ್ತಿತ್ತು.

"ಈಗ ಸಿಕ್ಕೊಂಡೆ ನೋಡ್ರಿ" ಅಂದರು ಸುಶೀಲವ್ವ.

ಬಸವಣ್ಣೆಪ್ಪನವರು ಅಳಿಯನ ಅಂಗೈಯಲ್ಲಿದ್ದ ಹಿಡಿಕೆಯನ್ನೊಮ್ಮೆ, ಅಳಿಯನ ಮುಖವನ್ನೊಮ್ಮೆ ನೋಡಿದರು. ಮಾಸ್ತರರಿಗೆ ಅವರು ಬೈದಿದ್ದರೂ ಚೆನ್ನಾಗಿತ್ತು. ಕೈಯಲ್ಲಿದ್ದ ಹಿಡಿಕೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಕಿಸೆಗೆ ಹಾಕಿಕೊಂಡರು. ಸ್ವಾಮಿಗಳು ಗಡಿಯಾರ ನೋಡಿದರು, ಹನ್ನೊಂದಕ್ಕೆ ಹದಿನೈದು ನಿಮಿಷ. ಒಳಗೆ ಉಂಗುರ, ಹೊರಗೆ ಮದುಮಗಳು. ಶೃಂಗಾರ ಮುಗಿಸಿ ನಿಂತಿದ್ದ ನೀಲಾಳ ಕಣ್ಣಲ್ಲಿ ನೀರಾಡಿತು. ಮುಹೂರ್ತ ತಪ್ಪಿದರೆ ತಡಸದ ಹಿರಿಯರು ಏನೆಂದುಕೊಳ್ಳುತ್ತಾರೋ ಎಂಬ ಚಿಂತೆ ಮನೆಯವರೆಲ್ಲರ ಮುಖದ ಮೇಲೆ ಕುಳಿತಿತ್ತು. ಅಷ್ಟರಲ್ಲಿ ಆ ಹಿರಿಯರಲ್ಲೇ ಒಬ್ಬ ಗಟ್ಟಿಗರು ತೋಳು ಏರಿಸಿ, ನಾಲ್ಕು ಜನ ಹೆಗಲು ಕೊಟ್ಟರೆ ಬಾಗಿಲು ಬಿದ್ದೇ ಬೀಳುತ್ತದೆ ಎಂದು ಮುಂದೆ ಬಂದರು. ಸಾಗವಾನಿ ಬಾಗಿಲಿನ ಮೇಲೆ ಪ್ರಾಣ ಇಟ್ಟಿದ್ದ ಬಸವ‍ಣ್ಣೆಪ್ಪನವರು ಬಾಗಿಲಿಗೆ ಬೆನ್ನು ಹಚ್ಚಿ ನಿಂತರು.

"ಯಾರೂ ಏನೂ ಒಡೀಬ್ಯಾಡ್ರಿ" ಎಂದಿತು ಒಳಗಿನ ದನಿ. "ಮಾಸ್ತರ, ನಿಮ್ಮ ಕೈಯಾಗ ಏನೈತಿ?"

ಮಾಸ್ತರರು ಕ್ರಮವಾಗಿ ಹೇಳತೊಡಗಿದರು: ಒಂದು ಅಲಗು, ಒಂದು ಕತ್ತರಿ, ಒಂದು ಪಟ್ಟಿ, ಅದರ ತುದಿ ಸ್ಕ್ರೂಡ್ರೈವರು, ಒಂದು ಚಿಮಟಿಗೆ...

"ಪಾಠ ಬ್ಯಾಡ. ಬಾಗ್ಲದ ಕೆಳಗ ಸರಸ್ರಿ."

ಬಾಗಿಲ ಅಡಿಗೆ ಬೆರಳಷ್ಟು ಸಂದಿಯಿತ್ತು. ಚಾಕುವಿನ ಪಟ್ಟಿ ಬಿಚ್ಚಿಕೊಂಡೇ ಇತ್ತು. ಮಾಸ್ತರರು ಮೊಣಕಾಲೂರಿ, ಎರಡು ತಿಂಗಳ ತಪಸ್ಸಿನ ಫಲವನ್ನು ಕತ್ತಲೊಳಗೆ ತಳ್ಳಿದರು. ಬಿಳಿ ಅಂಗಿಗೆ ಧೂಳು ಹತ್ತಿತು.

ಹೊರಗೆ ನಿಂತವರಿಗೆ ಆಮೇಲಿನದೆಲ್ಲ ಬರೀ ಸದ್ದು. ಇಲ್ಲಿ ಎರಡು ಸ್ಕ್ರೂ ಇವೆ ಎಂದು ಸುಶೀಲವ್ವ ತಮ್ಮಷ್ಟಕ್ಕೇ ಹೇಳಿಕೊಂಡದ್ದು ಕೇಳಿಸಿತು. ಸ್ಕ್ರೂಗಳಿದ್ದದ್ದು ಒಳಗಿನ ಕಡೆ ಎಂಬುದು ಹೊರಗೆ ಇಷ್ಟು ಹೊತ್ತು ಬೆವರಿದ ಮಾಸ್ತರರಿಗೆ ಆಗಲೇ ತಿಳಿದದ್ದು. ನಲವತ್ತೈದು ವರ್ಷ ಆ ಮನೆಯ ಔಷಧಿ ಹೊಡೆಯುವ ಪಂಪು ಕಟ್ಟಿಕೊಂಡಾಗ ಬಿಚ್ಚಿ ತೊಳೆದು ಜೋಡಿಸಿದ್ದು ಆ ಕೈಗಳೇ ಎಂದು ನೇತ್ರಾ ಮೆಲ್ಲಗೆ ಹೇಳಿದಳು. ಆಕೆಯ ದನಿಯಲ್ಲಿ ಚಿಂತೆಯೇ ಇರಲಿಲ್ಲ. ಒಂದು ಸ್ಕ್ರೂ ಬಿದ್ದ ಸದ್ದು. ಇನ್ನೊಂದು ಬಿದ್ದ ಸದ್ದು. ತಗಡು ಕಳಚಿದ ಸದ್ದು, ಏನೋ ಮೀಟಿದ ಸದ್ದು. ಆಮೇಲೆ ಬಾಗಿಲು ತಾನಾಗಿ ಒಳಕ್ಕೆ ತೆರೆಯಿತು.

ಎಡಗೈಯ ಮೇಲೆ ಹಸಿರು ಇಲಕಲ್ ಸೀರೆ, ಅದರ ಮೇಲೆ ಉಂಗುರದ ಡಬ್ಬಿ, ಬಲಗೈಯಲ್ಲಿ ಕೆಂಪು ಚಾಕು ಹಿಡಿದು ಸುಶೀಲವ್ವ ಹೊಸ್ತಿಲ ಮೇಲೆ ನಿಂತಿದ್ದರು. ಸೆರಗು ಕೂಡ ಸರಿದಿರಲಿಲ್ಲ. ಎಲ್ಲರೂ ಇಲ್ಲೇಕೆ ನಿಂತಿದ್ದೀರಿ, ಹೊತ್ತಾಗುವುದಿಲ್ಲವೇ ಎಂದು ಕೇಳಿ, ಜನರ ನಡುವೆ ದಾರಿ ಮಾಡಿಕೊಂಡು ಹೊರಟರು. ಹನ್ನೊಂದಕ್ಕೆ ಸರಿಯಾಗಿ ನೀಲಾಳ ಬೆರಳಿಗೆ ಉಂಗುರ ಏರಿತು. ಅಕ್ಷತೆ ಬಿತ್ತು. ಬಸವಣ್ಣೆಪ್ಪನವರು ಬೀಗರ ನಡುವೆ ಕುಳಿತು, ತಮ್ಮ ಮನೆಯಾಕೆ ಇಪ್ಪತ್ತು ವರ್ಷದ ಹಿಂದೆ ಬಾವಿಯ ಮೋಟರು ಬಿಚ್ಚಿದ ಕಥೆಯನ್ನು ಮೂರು ಸಲ ಹೇಳಿದರು. ಪ್ರತಿ ಸಲವೂ ಮೋಟರಿನ ಹಾರ್ಸ್‌ಪವರ್ ಹೆಚ್ಚುತ್ತ ಹೋಯಿತು.

ಮಾಸ್ತರರ ಮನಸ್ಸು ಊಟದಲ್ಲಿರಲಿಲ್ಲ. ಚಾಕು ಮರಳಿ ಬಂದಿರಲಿಲ್ಲ. ಕಾರ್ಯ ಮುಗಿಯಲೆಂದು ಕಾದರು, ಊಟ ಮುಗಿಯಲೆಂದು ಕಾದರು. ಹೋಳಿಗೆ ಎರಡನೆಯ ಸಲ ಬಂದಾಗಲೂ ಬೇಡವೆಂದರು. ಕೊನೆಗೆ ಪಡಸಾಲೆಯ ಜಮಖಾನೆಯ ಮೇಲೆ ಹಿರಿಯರೆಲ್ಲ ಎಲೆ ಅಡಿಕೆಗೆ ಕುಳಿತದ್ದು ಕಂಡು ಅಲ್ಲಿಗೆ ಹೋದರು. ಸುಶೀಲವ್ವ ಸೊಂಟದ ಸಂಚಿಯಿಂದ ಕೆಂಪು ಚಾಕು ತೆಗೆದು, ಹುಣಸೆಬೀಜದಷ್ಟಿದ್ದ ಕತ್ತರಿಯಿಂದ ಸವಣೂರಿನ ಎಲೆಯ ತೊಟ್ಟು, ತುದಿ ಚಕಚಕನೆ ಕತ್ತರಿಸುತ್ತಿದ್ದರು. ಸುತ್ತ ಕುಳಿತ ತಡಸದ ಹೆಂಗಸರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಒಬ್ಬಾಕೆಯ ಬೆರಳಿನ ಮುಳ್ಳು ಆಗಲೇ ಚಿಮಟಿಗೆಯಿಂದ ಹೊರಗೆ ಬಂದಿತ್ತು.

ಮಾಸ್ತರರು ಎರಡು ಸಲ ಕೆಮ್ಮಿದರು. ಆಮೇಲೆ ಅತ್ತೆಯ ಮುಂದೆ ಬಾಗಿ ಮೆಲ್ಲಗೆ ಕೈ ಚಾಚಿದರು.

ಸುಶೀಲವ್ವ ಆ ಕೈಯಲ್ಲಿ ಮಡಚಿದ ಒಂದು ವೀಳ್ಯ ಇಟ್ಟರು.

"ಭಾಳ ಚೊಲೋದ ತಂದೀರಿ ಮಾಸ್ತರ. ಎರಡ ತಿಂಗಳ ಹುಡಿಕಿ ಹುಡಿಕಿ ನನಗಂತ ಆರಿಸಿದ್ರಂತ. ನೇತ್ರಾ ಎಲ್ಲಾ ಹೇಳಿದ್ಲು."

ಮಾಸ್ತರರು ಹೆಂಡತಿಯನ್ನು ನೋಡಿದರು. ನೇತ್ರಾ ತನ್ನ ಸೀರೆಯ ಅಂಚಿನಲ್ಲಿ ಇಲ್ಲದ ದಾರವೊಂದನ್ನು ಹುಡುಕುತ್ತಿದ್ದಳು. ತಡಸದ ಹೆಂಗಸರೆಲ್ಲ ಒಟ್ಟಿಗೆ ಅವರ ಕಡೆ ತಿರುಗಿದರು. ಅತ್ತೆಗಾಗಿ ಎರಡು ತಿಂಗಳು ಹುಡುಕಿದ ಅಳಿಯನನ್ನು ಅವರು ಇಲ್ಲಿಯವರೆಗೆ ನೋಡಿರಲಿಲ್ಲ. ಬಸವಣ್ಣೆಪ್ಪನವರು ಜಮಖಾನೆಯ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಮಾಸ್ತರರಿಗೆ ಎದೆ ಉಬ್ಬಿ ಬಂತು. ಆರಿಸಿದ್ದು ತಾವೇ ಅಲ್ಲವೇ? ಅದರಲ್ಲಿ ಸುಳ್ಳೇನಿದೆ? ಅವರು ಕುಳಿತು, ಕಾಲು ಮಡಚಿ, ವೀಳ್ಯವನ್ನು ಬಾಯಿಗಿಟ್ಟುಕೊಂಡರು. ಫಕ್ಕೀರೇಶ ಕಂಬಕ್ಕೆ ಆತು ನಿಂತು ನೋಡುತ್ತಿದ್ದ.

ಗಂಡಿನ ತಾಯಿಗೆ ಇನ್ನು ತಡೆಯಲಾಗಲಿಲ್ಲ. ಮಾಸ್ತರರು ತನಗೂ ಇಂಥದ್ದೊಂದು ಆರಿಸಿಕೊಟ್ಟಾರೇ ಎಂದು ಆಕೆ ಸುಶೀಲವ್ವನವರನ್ನು ಕೇಳಿದಳು.

"ಅದಕ್ಕೇನ್ರಿ, ಆರಸಾಕ ನಮ್ಮ ಮಾಸ್ತರನ್ನ ಬಿಟ್ಟರ ಇನ್ಯಾರೂ ಇಲ್ಲ" ಅಂದರು ಸುಶೀಲವ್ವ, ಇನ್ನೊಂದು ಎಲೆಯ ತೊಟ್ಟು ಕತ್ತರಿಸುತ್ತ. "ಬಿಚ್ಚಾಕ ಮಾತ್ರ ನೇತ್ರಾನ್ನ ಕರೀರಿ."

ಮಾಸ್ತರರ ಬಾಯಿ ತುಂಬ ಎಲೆಯಿತ್ತು. ಅವರು ಹೌದೆಂದು ಗೋಣು ಹಾಕಿದರು.